ಎರಡು ಬೆರಳು

ಸತ್ತ ಮಗುವಿನ ಸಾಮಾನು ಹೆತ್ತವಳ ಕಣ್ಣಿಗೆ ಬೀಳಬಾರದು ಎಂದು ಮೊದಲು ಹೇಳಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಹೆತ್ತವಳಂತೂ ಹೇಳಿರಲಾರಳು. ಆಬಿದಾಗೆ ಮಾತ್ರ ಅದು ಮೈಸೂರಿನ ಮಂಡಿ ಮೊಹಲ್ಲಾದ ಓಣಿಯಲ್ಲಿ ಕಣ್ಣಾರೆ ಕಂಡ ಪದ್ಧತಿ. ಎದುರುಮನೆ ನಂಜಮ್ಮನ ಮಗ ತೀರಿಕೊಂಡಾಗ, ಅವಳು ಜಗಲಿಯ ಮೇಲೆ ಕಲ್ಲಿನಂತೆ ಕೂತಿದ್ದಂತೆಯೇ ಓಣಿಯ ಹೆಂಗಸರು ಒಳಗೆ ನುಗ್ಗಿ ಸ್ಲೇಟು, ಚಪ್ಪಲಿ, ಬುಗುರಿ ಎಲ್ಲವನ್ನೂ ಗಂಟು ಕಟ್ಟಿದ್ದರು. ಮುಂದೆ ನಿಂತವಳು ಆಬಿದಾಳ ಅಮ್ಮಿಯೇ. ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಗಂಟನ್ನು ಕಾವೇರಿಗೆ ಬಿಟ್ಟು ಬಂದಳು. ಇದೆಲ್ಲ ಕೇಳಿ ಮಾಡೋ ಕೆಲಸ ಅಲ್ಲ, ಕೇಳಿದರೆ ಹೆತ್ತವಳು ಬಿಟ್ಟಾಳಾ, ಎಂದಿದ್ದಳು ಅಮ್ಮಿ. ಆಗ ಒಂಬತ್ತು ವರ್ಷದವಳಾಗಿದ್ದ ಆಬಿದಾ ಅಷ್ಟನ್ನು ಚೆನ್ನಾಗಿ ನೆನಪಿಟ್ಟುಕೊಂಡಳು.

ಅಮೆರಿಕಾದ ಬೆರ್ರಿಯೆಸಾಗೆ ಬಂದು ನಾಲ್ಕು ವರ್ಷವಾದರೂ ಅವಳಿಗೆ ಇಲ್ಲಿ ಕೆಲಸ ಮಾಡುವ ಹಕ್ಕಿರಲಿಲ್ಲ. ಗಂಡ ಸಮದನ ವೀಸಾಕ್ಕೆ ಬಾಲದ ಹಾಗೆ ಅಂಟಿಕೊಂಡ ವೀಸಾ ಅವಳದು. ಅವನು ಬೆಳಿಗ್ಗೆ ಆರಕ್ಕೆ ಫ್ರೀವೇ ಹಿಡಿದು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಮೈಸೂರಿನಲ್ಲಿ ಐದು ವರ್ಷ ಚಿತ್ರಕಲೆ ಕಲಿತ ಕೈ ಎಷ್ಟು ದಿನ ಬರೀ ಪಾತ್ರೆ ತೊಳೆದೀತು? ಮಗಳು ಲೈಬಾಳ ಮೂರನೇ ಕ್ಲಾಸಿಗೆ ಬುಧವಾರ ಚಿತ್ರ ಹೇಳಿಕೊಡುವ ಆರ್ಟ್ ಪೇರೆಂಟು ಆದಳು. ಸಂಬಳ ಇಲ್ಲ, ಎದೆಗೊಂದು ಸ್ಟಿಕ್ಕರು. ಮಕ್ಕಳಿಗೆ ಅವಳೆಂದರೆ ಪ್ರಾಣ.

ಆ ಕ್ಲಾಸಿನಲ್ಲಿ ಇನ್ನೊಂದೇ ಕನ್ನಡದ ಮಗು. ಹೆಸರು ಶೈಲಜಾ, ಎಲ್ಲರ ಬಾಯಲ್ಲೂ ಶೈಲೂ. ಗದಗಿನ ಕಿರಣಕುಮಾರ, ಉಮಾಶ್ರೀ ದಂಪತಿಯ ಒಬ್ಬಳೇ ಮಗಳು. ಅವರದೂ ಇದೇ ಅಪಾರ್ಟ್‌ಮೆಂಟಿನ ಹಿಂದಿನ ಬ್ಲಾಕು. ಲೈಬಾ, ಶೈಲೂ ಇಬ್ಬರೂ ಕ್ಲಾಸಿನ ಸಾಲಿನಲ್ಲಿ ಹಿಂದೆ ಮುಂದೆ ನಿಲ್ಲುತ್ತಿದ್ದರು. ಸಾಲು ಎತ್ತರದ ಲೆಕ್ಕದಲ್ಲಿ, ಹಾಗಾಗಿ ಶೈಲೂ ಒಂದು ಹೆಜ್ಜೆ ಮುಂದೆ. ಉಮಾ, ಆಬಿದಾ ಕೂಡ ಅಷ್ಟೇ ಹತ್ತಿರ. ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಯ ಸ್ಟೋವಿನ ಮೇಲೆ ಬಿಸಿಯಾಗುವಷ್ಟು ಬಳಕೆ.

2001ರ ಫೆಬ್ರುವರಿಯ ಪ್ರಾಜೆಕ್ಟಿಗೆ ‘ನಾನು’ ಎಂದು ಹೆಸರಿಟ್ಟರು. ಮಾಂಸದಂಗಡಿಯಲ್ಲಿ ಸುತ್ತಿಕೊಡುವ ಕಂದು ಕಾಗದದ ದೊಡ್ಡ ಸುರುಳಿಯನ್ನು ಶಾಲೆಯ ಹಾಲಿನ ನೆಲದ ಮೇಲೆ ಬಿಚ್ಚಿ, ಒಂದೊಂದು ಮಗುವನ್ನೂ ಅದರ ಮೇಲೆ ಮಲಗಿಸಿ, ಮೈಯ ಸುತ್ತ ಗೆರೆ ಎಳೆಯುವುದು. ಆಮೇಲೆ ಆ ಆಕಾರದೊಳಗೆ ಮಗು ತನಗೆ ಬೇಕಾದ್ದನ್ನು ಬರೆದುಕೊಳ್ಳಬೇಕು. ಮಕ್ಕಳಿಗೆ ತೊಳೆದರೆ ಹೋಗುವ ಬಣ್ಣ. ಗೆರೆ ಎಳೆಯಲು ಆಬಿದಾಳ ಕೈಯಲ್ಲಿ ಮಾತ್ರ ಅಳಿಸಲಾಗದ ಕಪ್ಪು ಮಾರ್ಕರು.

ಶೈಲೂ ಮಲಗಿದಾಗ ಎಡಗೈ ಮುಷ್ಟಿ ಬಿಗಿಹಿಡಿದಿತ್ತು.

“ಕೈ ಬಿಡಿಸೇ, ಬೆರಳು ಬರೀಬೇಕು.”

“ನೋ, ಆಂಟಿ. ನನ್ನ ಟೂತು ಇದೆ ಒಳಗೆ.” ಅವತ್ತು ಬೆಳಿಗ್ಗೆಯಷ್ಟೇ ಬಿದ್ದ ಹಲ್ಲು. ಬಾಯಿಯ ಕಿಂಡಿ ತೋರಿಸಿ ನಕ್ಕಳು. ಆಬಿದಾ ಮುಷ್ಟಿಯನ್ನು ಮುಷ್ಟಿಯಾಗಿಯೇ ಬರೆದಳು. ಆ ಹುಡುಗಿ ಆಮೇಲೆ ತನ್ನ ಆಕಾರದ ತುಂಬ ಜೇಬುಗಳನ್ನೇ ಬರೆದಳು, ಹದಿನಾಲ್ಕು ಜೇಬು. ಒಂದರಲ್ಲಿ ಅಜ್ಜಿಯ ನಶ್ಯದ ಡಬ್ಬಿ, ಒಂದರಲ್ಲಿ ನಿಂಬೆಹಣ್ಣು, ಒಂದರಲ್ಲಿ ಅವರಪ್ಪನ ಆಫೀಸಿನ ಬ್ಯಾಡ್ಜು.

ಅದಕ್ಕೂ ಮೊದಲು, ಶೈಲೂ ಸುತ್ತ ಗೆರೆ ಮುಗಿಯುವ ಹೊತ್ತಿಗೆ ಕಾಗದದ ಸುರುಳಿ ಆಚೆ ಉರುಳಿತ್ತು. ಹಿಡಿಯುವ ಅವಸರಕ್ಕೆ ಆಬಿದಾ ಮಲಗಿದ್ದ ಮಗುವನ್ನು ದಾಟಿ ಹೋದಳು. ಮೊಮ್ಮಗಳಿಗೆ ಊಟದ ಡಬ್ಬಿ ತಂದಿದ್ದ ಅಜ್ಜಿ ಬಂಗಾರೆವ್ವ ಬಾಗಿಲಲ್ಲಿ ನಿಂತು ನೋಡಿದಳು.

“ಏನ ಮಾಡಾಕತ್ತಿಯವ್ವಾ? ಮಲಗಿದ ಕೂಸಿನ ಸುತ್ತ ಗೆರಿ ಹೊಡೀತಾರೇನ? ಮ್ಯಾಲ ದಾಟಿ ಬ್ಯಾರೆ ಹೋದಿ. ಬಾ, ತಿರುಗಿ ದಾಟು, ಇಲ್ಲಾಂದ್ರ ಬೆಳಿಯೂದಿಲ್ಲ ಕೂಸು.”

“ಅಯ್ಯೋ ಅಜ್ಜಿ, ಇದು ಅಮೆರಿಕಾ! ಇಲ್ಲಿ ಎಲ್ಲಾ ಮಕ್ಕಳೂ ಬೆಳೀತವೆ,” ಎಂದು ಆಬಿದಾ ನಕ್ಕಳು. ಅಷ್ಟರಲ್ಲಿ ಲಂಚಿನ ಗಂಟೆ ಹೊಡೆಯಿತು, ಮಕ್ಕಳು ಎದ್ದು ಓಡಿದರು. ತಿರುಗಿ ದಾಟಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಮುದುಕಿಯ ಸಮಾಧಾನಕ್ಕಾದರೂ ಒಂದು ಹೆಜ್ಜೆ ಇಡಬಹುದಿತ್ತು.

ಶುಕ್ರವಾರ ಬೆಳಿಗ್ಗೆ ಇಪ್ಪತ್ತನಾಲ್ಕು ಕಾಗದದ ಮಕ್ಕಳನ್ನು ಕಾರಿಡಾರಿನ ಗೋಡೆಗೆ ಟೇಪು ಹಾಕಿ ನಿಲ್ಲಿಸಿದರು. ಶುಕ್ರವಾರ ಸಂಜೆ ಶೈಲೂಗೆ ಜ್ವರ ಬಂತು. ಶನಿವಾರ ಕತ್ತು ಬಗ್ಗಿಸಲಾರದೆ ಚೀರಿದಳು. ಮೆದುಳುಜ್ವರ ಎಂದರು ಡಾಕ್ಟರು. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಮಗು ಹೋಯಿತು. ಎಂಟು ವರ್ಷದ ಜೀವಕ್ಕೆ ಎರಡು ದಿನವೂ ಬೇಕಾಗಲಿಲ್ಲ.

ಸಂಜೆ ಮನೆ ತುಂಬ ಜನ. ಬಂಗಾರೆವ್ವ ಮೂಲೆಯಲ್ಲಿ ಎದೆ ಬಡಿದುಕೊಳ್ಳುತ್ತಿದ್ದವಳು ಆಬಿದಾಳನ್ನು ಕಂಡದ್ದೇ ಕೈ ನೀಡಿ ತೋರಿಸಿದಳು. “ಇಕಿನ ನೋಡ್ರಿ! ಇಕಿನ ನನ್ನ ಕೂಸಿನ್ನ ಮಲಗಿಸಿ ಗೆರಿ ಹೊಡದಾಕಿ. ದಾಟಿ ಹೋದಾಕಿ!” ಯಾರೋ ಮುದುಕಿಯನ್ನು ಸುಮ್ಮನಿರಿಸಿದರು. ಉಮಾ ತಲೆ ಎತ್ತಲಿಲ್ಲ. ಆಬಿದಾ ಬಾಗಿಲಿನಿಂದಲೇ ಹಿಂದಿರುಗಿದಳು. ಮೂಢನಂಬಿಕೆ ಎಂದು ಗೊತ್ತು, ಕ್ರಿಮಿಯಿಂದ ಬರುವ ಕಾಯಿಲೆ ಎಂದು ಸಮದ್ ಬಿಡಿಸಿ ಬಿಡಿಸಿ ಹೇಳಿದ. ಗೊತ್ತಿದ್ದರೇನು ಬಂತು? ಹೊಟ್ಟೆಯೊಳಗೆ ಹೊಕ್ಕ ಮಾತು ಬುದ್ಧಿಯ ಮಾತು ಕೇಳುತ್ತದೆಯೇ?

ಸೋಮವಾರ ಬೆಳಿಗ್ಗೆ ಎಂಟಕ್ಕೇ ಅವಳು ಶಾಲೆಯ ಕಾರಿಡಾರಿನಲ್ಲಿದ್ದಳು. ಶೈಲೂ ಗೋಡೆಯ ಮೇಲೆ ಮುಷ್ಟಿ ಹಿಡಿದು ನಿಂತಿದ್ದಳು. ಉಮಾ ಇವತ್ತೋ ನಾಳೆಯೋ ಮಗಳ ಬ್ಯಾಗು ಒಯ್ಯಲು ಬರುತ್ತಾಳೆ, ಬಂದರೆ ಇದನ್ನು ಕಂಡು ಎದೆಯೊಡೆದು ಸಾಯುತ್ತಾಳೆ ಎನ್ನಿಸಿತು ಆಬಿದಾಗೆ. ಬಂಗಾರೆವ್ವನೂ ಜೊತೆಗೆ ಬಂದಾಳು, ಇಡೀ ಶಾಲೆಯ ಮುಂದೆ ಮತ್ತೆ ಕೈ ನೀಡಿ ತೋರಿಸಿಯಾಳು ಎಂದೂ ಅನ್ನಿಸಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ಅವಳನ್ನು ಕೇಳಿದ್ದರೆ ಮೊದಲನೆಯದು ಎಂದೇ ಹೇಳುತ್ತಿದ್ದಳು. ನಾವು ನಂಬಬೇಕಾಗಿಲ್ಲ. ಟೇಪು ಕಿತ್ತು ಕಾಗದ ಸುತ್ತುತ್ತಿದ್ದಾಗ ಕ್ಲಾಸ್ ಟೀಚರು ಬಂದಳು. ಸತ್ತವರ ಸಾಮಾನಿನ ಪದ್ಧತಿಯನ್ನೆಲ್ಲ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವ ತ್ರಾಣ ಆಬಿದಾಗೆ ಇರಲಿಲ್ಲ. ಮನೆಯವರಿಗೆ ತಲುಪಿಸುತ್ತೇನೆ ಎಂದುಬಿಟ್ಟಳು. ಟೀಚರು ಕಣ್ಣೊರೆಸಿಕೊಂಡು ಅವಳ ಭುಜ ತಟ್ಟಿದಳು.

ಶಾಲೆಯಿಂದ ಹತ್ತು ನಿಮಿಷ ನಡೆದರೆ ಕಯೋಟಿ ಕ್ರೀಕು ಎಂಬ ಹಳ್ಳ. ಬೇಸಿಗೆಯಲ್ಲಿ ಒಣ ಚರಂಡಿ, ಫೆಬ್ರುವರಿಯ ಮಳೆಗೆ ಕೆಂಪಗೆ ಹರಿಯುತ್ತಿತ್ತು. ಸತ್ತ ಮಗುವಿನ ಕಾಗದವನ್ನು ಕಸಕ್ಕೆ ಹಾಕಬಾರದು, ಹರಿಯುವ ನೀರಿಗೆ ಬಿಡಬೇಕು. ಅದನ್ನೂ ಅಮ್ಮಿಯೇ ಕಲಿಸಿದ್ದು. ಆಬಿದಾ ಚಪ್ಪಲಿ ಕಳಚಿಟ್ಟು ನೀರಿಗಿಳಿದು, ಕಾಗದ ಬಿಚ್ಚಿ, ದುವಾ ಹೇಳಿ ಬಿಟ್ಟಳು. ಬಣ್ಣವೆಲ್ಲ ಕರಗಿ ಜೇಬುಗಳು ಒಂದೊಂದಾಗಿ ನೀರಿಗೆ ಹೋದವು. ಕಪ್ಪು ಗೆರೆ ಮಾತ್ರ ಸೇತುವೆಯ ತಿರುವಿನವರೆಗೂ ಹಾಗೇ ಕಂಡಿತು. ಬಿಕ್ಕಿ ಬಿಕ್ಕಿ ಅತ್ತಳು. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೇ ಮನೆಗೆ ಬಂದಳು.

ಅತ್ತ ಆ ಮನೆಯಲ್ಲಿ ಬೇರೆ ಕಥೆ. “ನಮ್ಮಾಗ ಕೂಸಿನ್ನ ಸುಡೂದಿಲ್ಲಪಾ, ಮಣ್ಣ ಮಾಡ್ತೀವಿ,” ಎಂದು ಬಂಗಾರೆವ್ವ ಮಗನ ಕಾಲು ಹಿಡಿದಳು. “ಇಲ್ಲಿ ಹೂತು, ನಾಳೆ ವೀಸಾ ಹೋದ್ರೆ ಅವಳೊಬ್ಬಳನ್ನೇ ಬಿಟ್ಟು ಹೋಗೋದೇನವ್ವಾ?” ಎಂದ ಕಿರಣಕುಮಾರ. ಅವನು ದುಡಿಯುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ಸ್ಟಾರ್ಟಪ್ಪು ಆಗಲೇ ಕುಂಟುತ್ತಿತ್ತು. ಮಂಗಳವಾರ ಸುಟ್ಟರು. ಬೂದಿ ಮನೆಯಲ್ಲಿಡಬಾರದು ಎಂದು ತಿಳಿದವರು ಹೇಳಿದ್ದಕ್ಕೆ ಶುಕ್ರವಾರ ದೋಣಿಯಲ್ಲಿ ಒಯ್ದು ಗೋಲ್ಡನ್ ಗೇಟ್ ಸೇತುವೆಯ ಆಚೆ ಸಮುದ್ರಕ್ಕೆ ಬಿಟ್ಟರು. ಅದರ ಮಾರನೇ ಸೋಮವಾರ ಸ್ಟಾರ್ಟಪ್ಪು ಬಾಗಿಲು ಹಾಕಿತು. ಕೆಲಸದೊಡನೆ ವೀಸಾವೂ ಹೋಗಿ, ಊರಿಗೆ ಶನಿವಾರದ ವಿಮಾನಕ್ಕೆ ಮೂರು ಟಿಕೆಟ್ಟು ತೆಗೆದರು. ಮೂರು ದಿನ ತಡೆದಿದ್ದರೆ ಮಗುವನ್ನು ತುಂಗಭದ್ರೆಗೇ ಒಯ್ಯಬಹುದಿತ್ತು. ಹಣೆಬರಹ ಅನ್ನುವುದು ಇಂಥ ಮನೆಹಾಳು ಲೆಕ್ಕವನ್ನೇ ಹಾಕುತ್ತದೆ.

ಗುರುವಾರ ಮಧ್ಯಾಹ್ನ ಉಮಾಶ್ರೀ ಆಬಿದಾಳ ಬಾಗಿಲು ತಟ್ಟಿದಳು. ಹನ್ನೊಂದು ದಿನಕ್ಕೆ ಅರ್ಧ ಆಗಿಹೋಗಿದ್ದಳು.

“ಟೀಚರ್ ಹತ್ರ ಹೋಗಿದ್ದೆ, ಶೈಲೂ ಬ್ಯಾಗು ತರೋಕೆ. ಅವಳ ಡ್ರಾಯಿಂಗು ನಿನ್ನ ಹತ್ರ ಇದೆಯಂತೆ. ಮಲಗಿಸಿ ಬರೆದದ್ದು.”

ಆಬಿದಾ ಅವಳಿಗೆ ಕೂರಲು ಕುರ್ಚಿ ಎಳೆದಳು.

“ಕೊಡು ಆಬಿದಾ. ಅವಳ ಅಳತೆ ಇರೋದು ಅದೊಂದರಲ್ಲೇ. ಬಾಡಿಗೆ ಮನೆ ಗೋಡೆ ಗಲೀಜು ಆಗುತ್ತೆ ಅಂತ ಒಂದು ಪೆನ್ಸಿಲ್ ಗೆರೆ ಕೂಡ ಹಾಕಲಿಲ್ಲ ನಾನು, ಎಂಥ ಮುಟ್ಠಾಳಿ! ಡಾಕ್ಟರ ಹತ್ರ ಇರೋದು ಹೋದ ಆಗಸ್ಟಿನ ಎತ್ತರ. ಆಮೇಲೆ ಬೆಳೆದಳಲ್ಲ. ಫೋಟೋದಲ್ಲಿ ಅವಳು ಅಂಗೈಯಷ್ಟೇ ಇದ್ದಾಳೆ. ನನಗೆ ಅವಳಷ್ಟೇ ಬೇಕು,” ಎಂದಳು.

ನೀರಿಗೆ ಬಿಟ್ಟೆ ಎಂದು ಆಗಲೇ ಹೇಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆಬಿದಾ ಬಾಯಿ ತೆರೆದಳು, ಬಂದದ್ದು ಬೇರೆ ಮಾತು.

“ಇದೆ ಉಮಾ. ಸಮದ್ ಕಾರಲ್ಲಿದೆ. ನಾಳೆ ತಂದ್ಕೊಡ್ತೀನಿ.”

ಉಮಾ ಹೋದ ಮೇಲೆ ಕ್ರೀಕಿನವರೆಗೂ ಓಡಿದಳು, ಹುಚ್ಚಿಯ ಹಾಗೆ. ಹತ್ತು ದಿನದ ಮಳೆ ಹರಿದ ನೀರಿನಲ್ಲಿ ಏನು ಸಿಕ್ಕೀತು? ದಡದ ಪೊದೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಒಂದು ಟೈರು. ಆಗಲೇ ಅವಳಿಗೆ, ಅಷ್ಟು ವರ್ಷ ಮರೆತಿದ್ದ ಇನ್ನೊಂದು ಸಂಗತಿ ನೆನಪಾದದ್ದು. ನಂಜಮ್ಮ ಆಮೇಲೆ ಸಾಯುವವರೆಗೂ ಅಮ್ಮಿಯ ಜೊತೆ ಮಾತಾಡಲಿಲ್ಲ. ಹಬ್ಬಕ್ಕೆ ಕಳಿಸಿದ ಶೀರ್‌ಖುರ್ಮಾದ ಬಟ್ಟಲು ಮುಚ್ಚಿದ ಹಾಗೇ ವಾಪಸು ಬರುತ್ತಿತ್ತು. ಯಾಕೆ ಎಂದು ಯಾರೂ ಮಕ್ಕಳಿಗೆ ಹೇಳಿರಲಿಲ್ಲ.

ಮೂರು ಗಂಟೆಗೆ ಲೈಬಾ ಶಾಲೆಯಿಂದ ಬಂದಳು. ಆಬಿದಾ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸಾಲಿನಲ್ಲಿ ಶೈಲೂಗೆ ಒಂದೇ ಹೆಜ್ಜೆ ಹಿಂದೆ ನಿಲ್ಲುತ್ತಿದ್ದ ಮಗು. ಪ್ರಾಜೆಕ್ಟು ಮುಗಿದ ಮೇಲೆ ಮನೆಗೆ ತಂದಿಟ್ಟಿದ್ದ ಆ ಕಂದು ಕಾಗದದ ಸುರುಳಿ ಕಪಾಟಿನಲ್ಲಿ ಇನ್ನೂ ಇತ್ತು.

ಮಾಡಬಾರದ್ದು ಅನ್ನುವುದು ಅವಳಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ಸತ್ತ ಮಗುವಿನ ಜಾಗದಲ್ಲಿ ತನ್ನ ಮಗುವನ್ನು ಮಲಗಿಸಲು ಯಾವ ತಾಯಿಗೆ ಕೈ ಬಂದೀತು? ಅಲ್ಲಾಹ್ ಮಾಫ್ ಕರೋ ಎನ್ನುತ್ತಲೇ ಕಾಗದ ಹಾಸಿದಳು. ಮಲಗು, ಎಡಗೈ ಮುಷ್ಟಿ ಹಿಡಿ ಎಂದಳು. ಲೈಬಾ ಮಲಗಿದಳು. ಈ ಸಲ ಆಬಿದಾ ದಾಟಲಿಲ್ಲ, ಮೊಣಕಾಲ ಮೇಲೆ ತೆವಳಿಕೊಂಡು ಸುತ್ತ ಬಂದು ಗೆರೆ ಎಳೆದಳು.

“ಆಮ್ ಐ ಹರ್ ನೌ, ಮಾಮ್?” ಎಂದಳು ಲೈಬಾ, ಛಾವಣಿ ನೋಡುತ್ತ.

“ಬಾಯ್ಮುಚ್ಚು!” ಎಂದು ಗದರಿದಳು ಆಬಿದಾ. ಮಗು ಬೆಚ್ಚಿತು. ಆಮೇಲೆ ಅವಳೇ ಮಗಳನ್ನೆಬ್ಬಿಸಿ, ತಬ್ಬಿ, ಕಾಗದದ ಪಕ್ಕ ಕೂರಿಸಿಕೊಂಡಳು. ಹದಿನಾಲ್ಕು ಜೇಬುಗಳಲ್ಲಿ ಹನ್ನೊಂದು ಲೈಬಾಗೆ ನೆನಪಿದ್ದವು. ನಿಂಬೆಹಣ್ಣು ಬಲಗಡೆ, ನಶ್ಯದ ಡಬ್ಬಿ ಹೊಟ್ಟೆಯ ಮೇಲೆ ಎಂದು ಬೆರಳಿಟ್ಟು ತೋರಿಸಿದಳು. ಉಳಿದ ಮೂರಕ್ಕೆ ಆಬಿದಾ ತಾನೇ ಏನೇನೋ ತುಂಬಿದಳು. ಮಕ್ಕಳ ಕೈ ಹೇಗೆ ನಡುಗುತ್ತದೆ, ಬಣ್ಣ ಎಲ್ಲಿ ಗೆರೆ ದಾಟುತ್ತದೆ ಎಂದು ಬುಧವಾರ ಬುಧವಾರ ಕಂಡವಳಲ್ಲವೆ, ಹಾಗೇ ಬರೆದಳು. ಕಲಿತ ವಿದ್ಯೆ ಇಂಥದ್ದಕ್ಕೂ ಆಯಿತು.

ಶುಕ್ರವಾರ ಹನ್ನೊಂದು ಗಂಟೆಗೆ ಅದನ್ನು ಸುತ್ತಿಕೊಂಡು ಉಮಾಳ ಮನೆಗೆ ಹೋದಳು. ಹಾಲಿನಲ್ಲಿ ಬಾಯಿ ತೆರೆದ ಸೂಟ್‌ಕೇಸುಗಳು. ಕಿರಣಕುಮಾರ ಕಾರು ಮಾರಲು ಹೋಗಿದ್ದ. ಬಂಗಾರೆವ್ವ ಗೋಡೆಗೆ ಒರಗಿ ಕೂತಿದ್ದಳು, ಆಬಿದಾಳನ್ನು ಕಂಡು ಮುಖ ಆಚೆ ತಿರುಗಿಸಿದಳು.

ಉಮಾ ಕಾಗದವನ್ನು ಕಾರ್ಪೆಟ್ಟಿನ ಮೇಲೆ ಬಿಚ್ಚಿದಳು. ಮೂಲೆಗಳು ಸುರುಳಿಕೊಳ್ಳದ ಹಾಗೆ ನಾಲ್ಕು ಕಡೆ ಚಪ್ಪಲಿ, ಪುಸ್ತಕ ಇಟ್ಟಳು. ಮುಷ್ಟಿಯ ಮೇಲೆ ಅಂಗೈ ಇಟ್ಟು, “ಹಲ್ಲು ಹಿಡ್ಕೊಂಡಿದ್ದಾಳೆ ಕಳ್ಳಿ,” ಎಂದಳು. ಹನ್ನೆರಡು ದಿನದಲ್ಲಿ ಅವಳ ಮುಖದ ಮೇಲೆ ಮೊದಲ ಸಲ ನಗುವಿನಂಥದ್ದೇನೋ ಬಂತು. ಆಬಿದಾ ಉಸಿರು ಬಿಟ್ಟಳು. ದಾಟಿದೆ, ಗಂಡಾಂತರ ಕಳೆಯಿತು ಎಂದುಕೊಂಡಳು.

ಆಗ ಉಮಾ ಕಾಗದದ ಪಕ್ಕದಲ್ಲಿ ಮಲಗಿದಳು. ತೋಳು ಚಾಚಿ, ಕಾಗದದ ತಲೆ ತನ್ನ ತೋಳಿನ ಮೇಲೆ ಬರುವ ಹಾಗೆ ಸರಿದು, ಮಗ್ಗುಲಾಗಿ, ಕಾಲು ಮಡಚದೆ ನೀಡಿಕೊಂಡಳು. ಎಂಟು ವರ್ಷ ಪ್ರತಿರಾತ್ರಿ ಹಾಗೇ ಮಲಗಿದವಳು. ಕಣ್ಣು ಮುಚ್ಚಿ, ಪಾದದಿಂದ ಕಾಗದದ ಪಾದವನ್ನು ತಡವಿದಳು. ಮತ್ತೆ ತಡವಿದಳು. ಎದ್ದು ಕೂತು ತನ್ನ ಮೊಣಕಾಲಿನ ಕೆಳಗೆ ಬೆರಳಿಟ್ಟು ನೋಡಿಕೊಂಡಳು.

“ಇದು ಎರಡು ಬೆರಳು ಉದ್ದ ಇದೆ.”

ಆಬಿದಾ ಬಗ್ಗಿ ಕಾಗದದ ಮೂಲೆ ಒತ್ತಿ ಹಿಡಿದಳು.

“ಶೈಲೂ ಪಾದ ನನಗೆ ಇಲ್ಲಿಗೆ ಬರ್ತಿತ್ತು. ಇಲ್ಲಿಗೆ. ದಿನಾ ಒದೀತಿದ್ದಳು.” ಉಮಾ ತಲೆ ಎತ್ತಿದಳು. “ಇದು ಲೈಬಾ ಅಲ್ವಾ?”

ಸುಳ್ಳು ಇನ್ನೊಂದು ಹೆಜ್ಜೆ ನಡೆಯಲಾರದೆ ಅಲ್ಲೇ ಕುಸಿಯಿತು. ಆಬಿದಾ ಎಲ್ಲವನ್ನೂ ಹೇಳಿದಳು. ಟೀಚರಿಗೆ ಹೇಳಿದ್ದು, ಕ್ರೀಕು, ದುವಾ, ಅಮ್ಮಿಯ ಪದ್ಧತಿ. “ನಿನ್ನ ಕಣ್ಣಿಗೆ ಬೀಳದಿರಲಿ ಅಂತ ಮಾಡಿದೆ ಉಮಾ. ನಿನಗೋಸ್ಕರ ಮಾಡಿದೆ,” ಎಂದು ಅತ್ತಳು.

ಉಮಾ ಅಳಲಿಲ್ಲ. ಬೆಂಗಳೂರಿನಲ್ಲಿ ಇಂಜಿನಿಯರಿಂಗು ಓದಿ ಊರಿನ ಮಾತನ್ನು ಎಂದೋ ಬಿಟ್ಟವಳು, ಈಗ ಅವಳ ಬಾಯಿಂದ ಗದಗ ಹೊರಬಂತು. “ಸುಡೂಮುಂದ ನನ್ನ ಯಾರೂ ಕೇಳಲಿಲ್ಲ. ಬೂದಿ ನೀರಿಗೆ ಬಿಡೂಮುಂದ ಕೇಳಲಿಲ್ಲ. ನೀನೂ ಕೇಳಲಿಲ್ಲಲ್ಲ ಆಬಿದಾ. ನನ್ನ ಮಗಳು, ಎಲ್ಲಾರೂ ಸೇರಿ ನೀರಿಗೆ ಹಾಕಿದ್ರಿ.”

ಗೋಡೆಗೆ ಒರಗಿದ್ದ ಬಂಗಾರೆವ್ವ ಎದ್ದು ಬಂದಳು. ಈಗ ಕೂದಲು ಹಿಡಿದು ಎಳೆಯುತ್ತಾಳೆ ಎಂದುಕೊಂಡು ಆಬಿದಾ ತಲೆ ತಗ್ಗಿಸಿದಳು. ಮುದುಕಿ ಬಗ್ಗಿ, ಪುಸ್ತಕ ಚಪ್ಪಲಿಗಳನ್ನು ಸರಿಸಿ, ಕಾಗದವನ್ನು ಕಾಲಿನ ಕಡೆಯಿಂದ ನಿಧಾನ ಸುತ್ತಿದಳು. ಸುತ್ತಿದ ಮೇಲೆ ಅದರ ಮೇಲೆ ಕೈಯಾಡಿಸಿ ತನ್ನ ಹಣೆಯ ಪಕ್ಕ ನೆಟಿಕೆ ಮುರಿದಳು.

“ಬದುಕಿದ ಕೂಸಿನ ಆಕಾರ ಸತ್ತ ಮನ್ಯಾಗ ಬಿಡಬಾರದವ್ವಾ. ನೂರ ವರ್ಷ ಬಾಳಲಿ ನಿನ್ನ ಕೂಸು. ಒಯ್ಯಿ.”

ಆ ಹರಕೆಯನ್ನು ಹೊತ್ತು ಮನೆಗೆ ಬರುವುದಕ್ಕಿಂತ ಎರಡು ಏಟು ತಿಂದು ಬಂದಿದ್ದರೆ ಆಬಿದಾಗೆ ಹಗುರಾಗುತ್ತಿತ್ತು.

ಸಂಜೆಯವರೆಗೂ ಸೋಫಾದ ಮೇಲೆ ಕೂತಿದ್ದಳು. ಎರಡು ಬೆರಳು, ಎರಡು ಬೆರಳು ಎಂದು ತಲೆ ಗುಯ್‌ಗುಡುತ್ತಿತ್ತು. ಇದ್ದಕ್ಕಿದ್ದ ಹಾಗೆ ಎದ್ದು ಲೈಬಾಳ ಕೈ ಹಿಡಿದು ಎಳೆದು ಹಾಲಿನ ಬಿಳಿ ಗೋಡೆಗೆ ನಿಲ್ಲಿಸಿದಳು. ಕಪ್ಪು ಮಾರ್ಕರಿನಿಂದ ಮಗಳ ನೆತ್ತಿಗೆ ಸರಿಯಾಗಿ ಒಂದು ಗೆರೆ ಎಳೆದಳು. “ಮಾಮ್! ವಿ ಆರ್ ನಾಟ್ ಅಲೌಡ್!” ಎಂದಿತು ಮಗು. ಆಬಿದಾ ಗೆರೆಯ ಕೆಳಗೆ ತನ್ನ ಎರಡು ಬೆರಳು ಅಡ್ಡ ಇಟ್ಟು ಇನ್ನೊಂದು ಗೆರೆ ಎಳೆದಳು. ಅದರ ಪಕ್ಕದಲ್ಲಿ ಶೈಲೂ ಎಂದು ಬರೆದಳು. ಅಲ್ಲೇ ಇತ್ತು ಅಳತೆ! ಕಳೆದಿರಲಿಲ್ಲ, ಉಮಾಳ ಮೈಯಲ್ಲೇ ಇತ್ತು! ಆಗಲೇ ಫೋನು ಮಾಡಿದಳು.

“ಉಮಾ, ಗೋಡೆ ಮೇಲೆ ಬರೆದಿದ್ದೀನಿ. ಲೈಬಾಗಿಂತ ಎರಡು ಬೆರಳು ಕೆಳಗೆ. ಅವಳಷ್ಟೇ ಇದ್ದಾಳೆ, ಬಂದು ನೋಡ್ತೀಯಾ?”

ಆ ಕಡೆ ಸೂಟ್‌ಕೇಸಿನ ಜಿಪ್ಪು ಎಳೆಯುವುದು ಕೇಳಿಸಿತು.

“ನೆಲದಿಂದ ಎಷ್ಟು?”

ಆಬಿದಾ ಲೈಬಾಳ ಸ್ಕೂಲ್ ಬ್ಯಾಗಿನಿಂದ ಸ್ಕೇಲು ತೆಗೆದು, ನೆಲಕ್ಕೆ ಮಂಡಿಯೂರಿ, ಅಡಿ ಅಡಿಯಾಗಿ ಅಳೆದಳು. “ನಲವತ್ತೊಂಬತ್ತು ಇಂಚು. ಒಂದು ನೂಲು ಹೆಚ್ಚೇ.”

“ಇನ್ನೊಂದ್ಸಲ ಅಳೆ.”

ಇನ್ನೊಂದು ಸಲ ಅಳೆದಳು. ಅಷ್ಟೇ ಬಂತು. ಉಮಾ ಅದನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡಳು.

“ಸರಿ. ಈಗ ಅದನ್ನ ಅಳಿಸು.”

“ಉಮಾ...”

“ಬರೆಯೋಕೆ ಮುಂಚೆ ಕೇಳಿದ್ಯಾ ನನ್ನ? ಅಳಿಸು ಆಬಿದಾ. ಅವಳು ನಿಮ್ಮನೇಲಿ ಇರೋದು ಬೇಡ.” ಫೋನು ಇಟ್ಟಳು.

ಆಬಿದಾ ಅಡಿಗೆಮನೆಯಿಂದ ಸೋಪಿನ ನೀರು ತಂದು ಉಜ್ಜಿದಳು. ಪಾತ್ರೆ ತಿಕ್ಕುವ ಪುಡಿ ಹಾಕಿ ಉಜ್ಜಿದಳು. ಸಮದ್ ಬಂದು ಏನು ನಡೀತಿದೆ ಎಂದು ಕೇಳಿದ, ಲೈಬಾಳನ್ನು ಕರೆದುಕೊಂಡು ಒಳಗೆ ಹೋದ. ಗೆರೆಯ ಸುತ್ತ ಗೋಡೆಯ ಬಣ್ಣ ಪುಡಿಪುಡಿಯಾಗಿ ಕಾರ್ಪೆಟ್ಟಿನ ಮೇಲೆ ಉದುರಿತು. ಗೆರೆ ಹೋಗಲಿಲ್ಲ.